ಸಂಧಿಯ ವಧು

ಹಗೆಗಳಾದ ಇಬ್ಬರು ಅರಸರು ಕಾದಾಡಿ ಬಳಲಿದ ಮೇಲೆ ಒಬ್ಬನ ಮಗಳನ್ನೋ ಸೋದರಿಯನ್ನೋ ಮತ್ತೊಬ್ಬನಿಗೆ ಧಾರೆಯೆರೆದು ಸಂಧಿ ಮಾಡಿಕೊಳ್ಳುವುದು ಪ್ರಾಚೀನ ಕಾಲದಲ್ಲಿ ಅನೇಕ ದೇಶಗಳಲ್ಲಿ ನಡೆದುಬಂದ ಪದ್ಧತಿ. ಕಲ್ಯಾಣದ ಚಾಲುಕ್ಯ ವಂಶದ ಆರನೆಯ ವಿಕ್ರಮಾದಿತ್ಯನಿಗೆ ಚೋಳರಾಜನಾದ ವೀರರಾಜೇಂದ್ರನು ತನ್ನ ಮಗಳನ್ನು ಕೊಟ್ಟು ಸ್ನೇಹ ಬೆಳೆಸಿದ ಸಂಗತಿಯನ್ನು ಬಿಲ್ಹಣ ಕವಿಯು ‘ವಿಕ್ರಮಾಂಕದೇವಚರಿತ’ದಲ್ಲಿ ವರ್ಣಿಸಿದ್ದಾನೆ. ಇಂತಹ ವಿವಾಹಗಳಲ್ಲಿ ಎರಡು ರಾಜ್ಯಗಳ ಲಾಭನಷ್ಟಗಳನ್ನು ತೂಗಿನೋಡುವ ಮಂತ್ರಿಗಳಿರುತ್ತಿದ್ದರು. ವಧುವಿನ ಮನಸ್ಸನ್ನು ಕೇಳುವವರು ಮಾತ್ರ ವಿರಳವಾಗಿದ್ದರು. ಕದನಗಳ ವಿವರವನ್ನೂ ಕರಾರುಗಳ ವಿವರವನ್ನೂ ಜೋಪಾನವಾಗಿ ಬರೆದಿಟ್ಟ ಚರಿತ್ರಕಾರರು ಎಷ್ಟೋ ವೇಳೆ ಆ ಹೆಣ್ಣಿನ ಹೆಸರನ್ನು ಬರೆಯಲು ಮರೆತುಬಿಟ್ಟರು. ಹೆಸರಿನೊಡನೆ ಬಾಳಿನ ಕಥೆಯೂ ಉಳಿದುಬಂದಿರುವ ಕೆಲವೇ ಸಂಧಿವಧುಗಳಲ್ಲಿ ರೋಮ್ ನಗರದ ಆಕ್ಟೇವಿಯಾ ಒಬ್ಬಳು.

ಕ್ರಿ.ಪೂ. 44ನೆಯ ವರ್ಷದ ಮಾರ್ಚ್ ತಿಂಗಳಿನಲ್ಲಿ ರೋಮಿನ ಸರ್ವಾಧಿಕಾರಿಯಾಗಿದ್ದ ಜೂಲಿಯಸ್ ಸೀಸರನು ಸೆನೆಟ್ ಸಭೆಯಲ್ಲಿಯೇ ಕೊಲೆಯಾದನು. ಕೊಂದವರು ಬ್ರೂಟಸ್, ಕ್ಯಾಸಿಯಸ್ ಮೊದಲಾದ ಪ್ರಮುಖರು. ಗಣರಾಜ್ಯವನ್ನು ಉಳಿಸುವುದಕ್ಕಾಗಿ ಹೀಗೆ ಮಾಡಿದೆವೆಂದು ಅವರು ಸಾರಿದರು. ಆದರೆ ಆ ಕೃತ್ಯದಿಂದ ಹುಟ್ಟಿದ್ದು ಅಂತರ್ಯುದ್ಧ. ಸೀಸರನ ಬಲಗೈಯಂತಿದ್ದ ಸೇನಾನಿ ಮಾರ್ಕ್ ಆಂಟನಿ, ಸೀಸರನ ದತ್ತುಪುತ್ರನಾದ ಆಕ್ಟೇವಿಯನ್ ಎಂಬ ತರುಣ, ಲೆಪಿಡಸ್ ಎಂಬ ಮತ್ತೊಬ್ಬ ಸೇನಾನಿ, ಈ ಮೂವರೂ ಕ್ರಿ.ಪೂ. 43ರಲ್ಲಿ ಒಂದು ಕೂಟವನ್ನು ಕಟ್ಟಿ ಅಧಿಕಾರವನ್ನು ಕೈವಶಮಾಡಿಕೊಂಡರು. ಮರುವರ್ಷ ಮ್ಯಾಸಿಡೋನಿಯದ ಫಿಲಿಪ್ಪಿ ಎಂಬಲ್ಲಿ ನಡೆದ ಯುದ್ಧದಲ್ಲಿ ಬ್ರೂಟಸನೂ ಕ್ಯಾಸಿಯಸನೂ ಸೋತು ಪ್ರಾಣ ಕಳೆದುಕೊಂಡರು. ಗೆದ್ದವರು ರಾಜ್ಯವನ್ನು ಹಂಚಿಕೊಂಡರು. ಆಂಟನಿಯು ಪೂರ್ವದ ಸಿರಿವಂತ ಪ್ರಾಂತಗಳಿಗೆ ಹೊರಟನು. ಆಕ್ಟೇವಿಯನ್ ಇಟಲಿಗೆ ಮರಳಿದನು.

ಹಂಚಿಕೆಯಾಯಿತೇ ಹೊರತು ನಂಬಿಕೆ ಮೂಡಲಿಲ್ಲ. ಆಂಟನಿಯು ದೂರದಲ್ಲಿದ್ದಾಗಲೇ ಆತನ ಹೆಂಡತಿ ಫುಲ್ವಿಯಾಳೂ ತಮ್ಮ ಲೂಸಿಯಸನೂ ಇಟಲಿಯಲ್ಲಿ ಆಕ್ಟೇವಿಯನ್ನನ ವಿರುದ್ಧ ಸೈನ್ಯ ಕೂಡಿಸಿದರು. ಆಕ್ಟೇವಿಯನ್ ಲೂಸಿಯಸನನ್ನು ಪೆರೂಸಿಯಾ ನಗರದಲ್ಲಿ ಮುತ್ತಿದನು. ಹಸಿವಿನಿಂದ ಕಂಗೆಟ್ಟ ನಗರವು ಕ್ರಿ.ಪೂ. 40ರಲ್ಲಿ ಶರಣಾಯಿತು. ಅದೇ ವರ್ಷ ಆಂಟನಿಯು ಹಡಗುಗಳೊಡನೆ ಇಟಲಿಯ ಬ್ರಂಡಿಸಿಯಂ ಬಂದರಿಗೆ ಬಂದಾಗ ಊರಿನವರು ಕೋಟೆಯ ಬಾಗಿಲನ್ನು ತೆರೆಯಲಿಲ್ಲ. ಆತನು ಬಂದರಿಗೆ ಮುತ್ತಿಗೆ ಹಾಕಿದನು. ಆಕ್ಟೇವಿಯನ್ ಸೈನ್ಯದೊಡನೆ ಎದುರಾದನು. ಆಗ ಅನಿರೀಕ್ಷಿತವಾದ ಒಂದು ಸಂಗತಿ ನಡೆಯಿತು. ಎರಡು ಕಡೆಯ ಸೈನಿಕರಲ್ಲಿಯೂ ಹಲವರು ಹಿಂದೆ ಸೀಸರನ ಪಡೆಯಲ್ಲಿ ಹೆಗಲಿಗೆ ಹೆಗಲು ಕೊಟ್ಟು ಹೋರಾಡಿದ್ದವರು. ಒಂದೇ ಪಾತ್ರೆಯಲ್ಲಿ ಉಂಡವರ ಮೇಲೆ ಕತ್ತಿಯೆತ್ತಲು ಅವರಿಗೆ ಮನಸ್ಸು ಬರಲಿಲ್ಲ. ನಾಯಕರು ರಾಜಿಯಾಗಲೇಬೇಕೆಂದು ಅವರು ಪಟ್ಟುಹಿಡಿದರು. ಎರಡು ಪಕ್ಷಗಳ ಮಿತ್ರರೂ ನಡುವೆ ಓಡಾಡಿ ಸಂಧಿಯ ಕರಾರನ್ನು ಸಿದ್ಧಪಡಿಸಿದರು. ಪೂರ್ವದ ಪ್ರಾಂತಗಳು ಆಂಟನಿಗೆ, ಪಶ್ಚಿಮದವು ಆಕ್ಟೇವಿಯನ್ನನಿಗೆ, ಆಫ್ರಿಕ ಲೆಪಿಡಸನಿಗೆ ಎಂದು ತೀರ್ಮಾನವಾಯಿತು.

ಕರಾರಿಗೆ ಮುದ್ರೆ ಬೇಕಲ್ಲವೆ? ಆ ಮುದ್ರೆಯೇ ಆಕ್ಟೇವಿಯಾ.

ಆಕೆ ಆಕ್ಟೇವಿಯನ್ನನ ಒಡಹುಟ್ಟಿದ ಅಕ್ಕ. ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡಿದ್ದ ಈ ಅಕ್ಕ ತಮ್ಮಂದಿರಲ್ಲಿ ಗಾಢವಾದ ಮಮತೆಯಿತ್ತು. ಮಾರ್ಸೆಲಸ್ ಎಂಬ ಗಣ್ಯನನ್ನು ಮದುವೆಯಾಗಿ ಆಕೆ ಗೌರವದಿಂದ ಸಂಸಾರ ನಡೆಸುತ್ತಿದ್ದಳು. ಆ ಮದುವೆಯಿಂದ ಆಕೆಗೆ ಒಬ್ಬ ಮಗನೂ ಇಬ್ಬರು ಹೆಣ್ಣುಮಕ್ಕಳೂ ಆದರು. ಕ್ರಿ.ಪೂ. 40ರಲ್ಲಿ ಆಕೆಯ ಪತಿ ತೀರಿಕೊಂಡನು. ಅದೇ ವರ್ಷ ಆಂಟನಿಯ ಹೆಂಡತಿ ಫುಲ್ವಿಯಾಳೂ ಗ್ರೀಸಿನಲ್ಲಿ ಮೃತಳಾದಳು. ಒಂದು ಕಡೆ ವಿಧವೆಯಾದ ಅಕ್ಕ, ಇನ್ನೊಂದು ಕಡೆ ಪತ್ನಿಯನ್ನು ಕಳೆದುಕೊಂಡ ಪ್ರತಿಸ್ಪರ್ಧಿ. ಈ ಇಬ್ಬರ ವಿವಾಹವಾದರೆ ಹಗೆಗಳು ಭಾವಮೈದುನರಾಗುವರೆಂದು ರಾಜಕಾರಣಿಗಳು ಲೆಕ್ಕ ಹಾಕಿದರು.

ರೋಮಿನಲ್ಲಿ ಇಂತಹ ಲೆಕ್ಕಾಚಾರ ಹೊಸದಾಗಿರಲಿಲ್ಲ. ಜೂಲಿಯಸ್ ಸೀಸರನು ತನ್ನ ಮಗಳು ಜೂಲಿಯಾಳನ್ನು ಪಾಂಪಿ ಎಂಬ ಪ್ರಬಲ ಸೇನಾನಿಗೆ ಕೊಟ್ಟು ಮೈತ್ರಿ ಮಾಡಿಕೊಂಡಿದ್ದನು. ಕ್ರಿ.ಪೂ. 54ರಲ್ಲಿ ಆಕೆ ತೀರಿಕೊಂಡಾಗ ಮೈತ್ರಿ ಮುರಿಯದಿರಲೆಂದು, ಆಗಲೇ ಮಾರ್ಸೆಲಸನ ಮಡದಿಯಾಗಿದ್ದ ಆಕ್ಟೇವಿಯಾಳನ್ನು ಬಿಡಿಸಿ ಕೊಡುತ್ತೇನೆಂದು ಸೀಸರನು ಪಾಂಪಿಗೆ ಹೇಳಿಕಳುಹಿಸಿದ್ದನು. ಪಾಂಪಿಯು ಒಪ್ಪಲಿಲ್ಲವಾದುದರಿಂದ ಆ ಮಾತು ಅಲ್ಲಿಗೇ ನಿಂತಿತು. ಎಂದರೆ, ಆಕ್ಟೇವಿಯಾಳ ಬಾಳನ್ನು ರಾಜಕಾರಣದ ತಕ್ಕಡಿಯಲ್ಲಿ ತೂಗಿದ್ದು ಅದು ಎರಡನೆಯ ಸಲ.

ಗಂಡನನ್ನು ಕಳೆದುಕೊಂಡ ಹೆಣ್ಣು ಹತ್ತು ತಿಂಗಳು ಕಳೆಯುವ ಮುನ್ನ ಮರುಮದುವೆಯಾಗಕೂಡದೆಂಬುದು ರೋಮಿನ ನಿಯಮ. ಅಷ್ಟು ದಿನ ಕಾಯಲು ರಾಜಕಾರಣಕ್ಕೆ ತಾಳ್ಮೆಯಿರಲಿಲ್ಲ. ಸೆನೆಟ್ ಸಭೆಯು ಆಕೆಗಾಗಿ ನಿಯಮವನ್ನು ಸಡಿಲಿಸಿತು. ಹೀಗೆ ಕಣ್ಣೀರು ಆರುವ ಮೊದಲೇ ಆಕ್ಟೇವಿಯಾ ಮತ್ತೆ ಮದುವಣಗಿತ್ತಿಯಾದಳು. ಆ ದಿನ ರೋಮಿನ ಬೀದಿಗಳಲ್ಲಿ ಸಂತೋಷ ತುಂಬಿತ್ತು. ವರ್ಷವರ್ಷವೂ ಯುದ್ಧವನ್ನೇ ಕಂಡು ಬೇಸತ್ತಿದ್ದ ಜನರು ಈ ಹೆಣ್ಣೊಬ್ಬಳಿಂದ ತಮ್ಮ ಮನೆಗಳಲ್ಲಿ ನೆಮ್ಮದಿ ನೆಲಸುವುದೆಂದು ಹಾರೈಸಿದರು. ಆ ಹಾರೈಕೆಯ ಭಾರವೆಲ್ಲವೂ ಆಕೆಯ ಹೆಗಲ ಮೇಲೆ ಬಿತ್ತು.

ಇಂತಹ ಮದುವೆಯಲ್ಲಿ ಒಲವಿಗೆ ಎಡೆಯೆಲ್ಲಿ ಎನಿಸುವುದು ಸಹಜ. ಆದರೂ ಮೊದಲ ವರ್ಷಗಳು ಸುಖವಾಗಿಯೇ ಕಳೆದವು. ಆಂಟನಿಯು ಪತ್ನಿಯೊಡನೆ ಅಥೆನ್ಸ್ ನಗರದಲ್ಲಿ ಚಳಿಗಾಲವನ್ನು ಕಳೆದನು. ಸೇನಾನಿಯ ಆಡಂಬರವನ್ನು ತೊರೆದು ಗ್ರೀಕರಂತೆ ಉಡುಪು ಧರಿಸಿ ಇಬ್ಬರೂ ಪಂಡಿತರ ಉಪನ್ಯಾಸಗಳಿಗೆ ಹೋಗುತ್ತಿದ್ದರು; ಹಬ್ಬಗಳಲ್ಲಿ ಜೊತೆಯಾಗಿ ಭಾಗವಹಿಸುತ್ತಿದ್ದರು. ಆಂಟನಿಗೆ ಆಗ ಆಕೆಯಲ್ಲಿ ಬಹಳ ಪ್ರೀತಿಯಿತ್ತೆಂದು ಅಪ್ಪಿಯನ್ ಎಂಬ ಇತಿಹಾಸಕಾರನು ಹೇಳಿದ್ದಾನೆ. ಆಂಟನಿಯು ಹೊರಡಿಸಿದ ನಾಣ್ಯಗಳ ಮೇಲೆ ಆಕ್ಟೇವಿಯಾಳ ಮುಖವೂ ಕಾಣಿಸಿಕೊಂಡಿತು. ಈ ದಂಪತಿಗಳಿಗೆ ಆಂಟೋನಿಯಾ ಎಂಬ ಒಂದೇ ಹೆಸರಿನ ಇಬ್ಬರು ಹೆಣ್ಣುಮಕ್ಕಳು ಜನಿಸಿದರು. ತಂದೆಯ ಕುಲದ ಹೆಸರನ್ನೇ ಹೆಣ್ಣುಮಕ್ಕಳಿಗೆಲ್ಲ ಇಡುವುದು ರೋಮಿನವರ ರೂಢಿ.

ಆದರೆ ಸಂಶಯವೆಂಬುದು ಬೂದಿ ಮುಚ್ಚಿದ ಕೆಂಡ. ಕ್ರಿ.ಪೂ. 37ರಲ್ಲಿ ಅದು ಮತ್ತೆ ಹೊತ್ತಿಕೊಂಡಿತು. ಆಂಟನಿಯು ದೊಡ್ಡ ನೌಕಾಪಡೆಯೊಡನೆ ಇಟಲಿಯ ಟರೆಂಟಂ ಬಂದರಿಗೆ ಬಂದು ನಿಂತನು. ಎರಡು ಸೈನ್ಯಗಳು ಇನ್ನೇನು ಕೈಮಿಲಾಯಿಸುವವು ಎಂಬಂತಿರಲು ಆಕ್ಟೇವಿಯಾ ತಮ್ಮನ ಬಳಿಗೆ ತಾನೇ ಹೋಗುವೆನೆಂದು ಪತಿಯಿಂದ ಅಪ್ಪಣೆ ಪಡೆದಳು. ದಾರಿಯಲ್ಲಿ ತಮ್ಮನ ಆಪ್ತರಾದ ಅಗ್ರಿಪ್ಪ ಮತ್ತು ಮೀಸೀನಸರನ್ನು ಕಂಡು ತನ್ನ ಸಂಕಟವನ್ನು ತೋಡಿಕೊಂಡಳು. ಯುದ್ಧವಾದರೆ ಯಾರು ಗೆಲ್ಲುವರೋ ಯಾರು ಸೋಲುವರೋ ಹೇಳಲಾಗದು. ಆದರೆ ಯಾರೇ ಗೆಲ್ಲಲಿ, ತನಗೆ ಸೋಲು ತಪ್ಪದು ಎಂಬುದು ಆಕೆಯ ಅಳಲಾಗಿತ್ತು. ಅತ್ತ ದರಿ, ಇತ್ತ ಪುಲಿ ಎಂಬ ಗಾದೆಗೆ ಇದಕ್ಕಿಂತ ತಕ್ಕ ನಿದರ್ಶನ ದೊರೆಯುವುದು ಕಷ್ಟ. ಗಂಡನು ಗೆದ್ದರೆ ತಮ್ಮನ ಸಾವು. ತಮ್ಮನು ಗೆದ್ದರೆ ಗಂಡನ ಸಾವು.

ಆಕೆಯ ಮಾತಿಗೆ ತಮ್ಮನ ಮನಸ್ಸು ಕರಗಿತು. ಇಬ್ಬರು ನಾಯಕರೂ ಭೇಟಿಯಾಗಿ ಕೂಟದ ಅವಧಿಯನ್ನು ಮತ್ತೆ ಐದು ವರ್ಷ ಮುಂದುವರಿಸಿದರು. ಆಂಟನಿಯು 120 ಹಡಗುಗಳನ್ನು ಆಕ್ಟೇವಿಯನ್ನನಿಗೆ ಕೊಟ್ಟನು. ಪೂರ್ವದಲ್ಲಿ ಪಾರ್ಥಿಯನರ ಮೇಲೆ ನಡೆಯಲಿದ್ದ ಯುದ್ಧಕ್ಕೆ ಪ್ರತಿಯಾಗಿ ಕಾಲಾಳುಗಳನ್ನು ಕಳುಹಿಸುವುದಾಗಿ ಆಕ್ಟೇವಿಯನ್ ಮಾತು ಕೊಟ್ಟನು. ಒಂದು ತೊಟ್ಟು ರಕ್ತ ಬೀಳದೆ ಎರಡು ಸೈನ್ಯಗಳು ಹಿಂದಿರುಗಿದವು. ಬ್ರಂಡಿಸಿಯಮಿನಲ್ಲಿ ಇತರರು ಮಾಡಿದ ಸಂಧಿಗೆ ಆಕೆ ಕೇವಲ ಮುದ್ರೆಯಾಗಿದ್ದಳು. ಟರೆಂಟಮಿನಲ್ಲಿ ಸಂಧಿಯನ್ನು ಮಾಡಿಸಿದವಳೇ ಆಕೆ. ಪ್ರಭುಗಳ ಕೈಯಲ್ಲಿ ಕಾಯಿಯಂತಿದ್ದ ಹೆಣ್ಣು ಈಗ ತಾನೇ ಆಟವನ್ನು ತಡೆದು ನಿಲ್ಲಿಸಿದಳು.

ಸಂಧಿಯ ಫಲವನ್ನು ಉಣ್ಣುವ ಯೋಗ ಆಕೆಗಿರಲಿಲ್ಲ. ಆ ವರ್ಷವೇ ಪೂರ್ವಕ್ಕೆ ಹೊರಟ ಆಂಟನಿಯು ಆಕೆಯನ್ನು ನಡುದಾರಿಯಿಂದ ರೋಮಿಗೆ ಹಿಂದಕ್ಕೆ ಕಳುಹಿಸಿದನು. ಸಿರಿಯ ದೇಶವನ್ನು ತಲುಪಿದೊಡನೆ ಈಜಿಪ್ಟಿನ ರಾಣಿ ಕ್ಲಿಯೋಪಾತ್ರಳನ್ನು ಬರಮಾಡಿಕೊಂಡನು. ಆಂಟನಿಯು ಆಕ್ಟೇವಿಯಾಳನ್ನು ಮದುವೆಯಾಗುವ ಮೊದಲೇ ಅವರಿಬ್ಬರಲ್ಲಿ ಪ್ರಣಯವಿತ್ತು, ಅವಳಿಮಕ್ಕಳೂ ಹುಟ್ಟಿದ್ದರು. ಅತ್ತ ಆಕ್ಟೇವಿಯನ್ ತಾನು ಕಳುಹಿಸುವೆನೆಂದ ಕಾಲಾಳುಗಳನ್ನು ಕಳುಹಿಸಲಿಲ್ಲ. ಹೀಗೆ ಒಬ್ಬನು ಮದುವೆಯ ಮಾತನ್ನೂ ಮತ್ತೊಬ್ಬನು ಮೈತ್ರಿಯ ಮಾತನ್ನೂ ಮುರಿದರು. ಮಾತಿಗೆ ತಪ್ಪದೆ ಉಳಿದವಳು ಆಕ್ಟೇವಿಯಾ ಒಬ್ಬಳೇ.

ಕ್ರಿ.ಪೂ. 36ರಲ್ಲಿ ಪಾರ್ಥಿಯನರ ಮೇಲೆ ದಂಡೆತ್ತಿಹೋದ ಆಂಟನಿಯು ಸಾವಿರಾರು ಸೈನಿಕರನ್ನು ಕಳೆದುಕೊಂಡು ಹಿಂದಿರುಗಿದನು. ಈ ವಾರ್ತೆ ಕೇಳಿ ಆಕ್ಟೇವಿಯಾ ಮರುವರ್ಷ ಸೈನಿಕರಿಗೆ ಬಟ್ಟೆಬರೆ, ಸಾಮಾನು ಹೊರುವ ಪ್ರಾಣಿಗಳು, ಹಣ ಮತ್ತು ಆರಿಸಿದ 2000 ಯೋಧರೊಡನೆ ಪತಿಯ ನೆರವಿಗೆ ಹೊರಟಳು. ಆಕೆಗೆ ಅವಮಾನವಾದರೆ ಯುದ್ಧಕ್ಕೆ ಒಳ್ಳೆಯ ನೆಪ ಸಿಗುವುದೆಂದೇ ತಮ್ಮನು ಈ ಪ್ರಯಾಣಕ್ಕೆ ಒಪ್ಪಿದನೆಂದು ಪ್ಲೂಟಾರ್ಕನು ಬರೆದಿದ್ದಾನೆ. ಅಥೆನ್ಸನ್ನು ತಲುಪಿದಾಗ ಆಕೆಗೆ ದೊರೆತದ್ದು ಗಂಡನ ಓಲೆ: ಮುಂದೆ ಬರಬೇಡ, ಅಲ್ಲಿಯೇ ನಿಲ್ಲು. ಆಕೆ ಸಿಟ್ಟಾಗಲಿಲ್ಲ, ತಂದ ಸಾಮಗ್ರಿಯನ್ನು ಎಲ್ಲಿಗೆ ಕಳುಹಿಸಬೇಕೆಂದು ಮಾತ್ರ ಕೇಳಿ ಬರೆದಳು. ತರುವಾಯ ರೋಮಿಗೆ ಮರಳಿದಳು.

ಅಕ್ಕನಿಗಾದ ಅಪಮಾನದಿಂದ ಕೆರಳಿದ ಆಕ್ಟೇವಿಯನ್, ಆಂಟನಿಯ ಮನೆಯನ್ನು ಬಿಟ್ಟು ಬೇರೆ ಇರುವಂತೆ ಆಕೆಗೆ ಹೇಳಿದನು. ಆಕೆ ಒಪ್ಪಲಿಲ್ಲ. ತನ್ನ ಸಲುವಾಗಿ ಯುದ್ಧ ಮಾಡಬಾರದೆಂದೂ, ಇಬ್ಬರು ಮಹಾಸೇನಾನಿಗಳು ಹೆಂಗಸರ ನಿಮಿತ್ತವಾಗಿ ದೇಶವನ್ನು ಅಂತರ್ಯುದ್ಧಕ್ಕೆ ನೂಕಿದರೆಂಬ ಅಪಕೀರ್ತಿ ಬರಬಾರದೆಂದೂ ಬೇಡಿಕೊಂಡಳು. ಆಂಟನಿಯ ಮನೆಯಲ್ಲಿಯೇ ಉಳಿದು ತನ್ನ ಮಕ್ಕಳೊಡನೆ ಫುಲ್ವಿಯಾಳ ಮಕ್ಕಳನ್ನೂ ಸಾಕಿದಳು. ಆಂಟನಿಯ ಕಡೆಯಿಂದ ಬಂದ ಗೆಳೆಯರಿಗೆ ಆತಿಥ್ಯ ನೀಡಿ ಅವರ ಕೆಲಸಗಳನ್ನು ಮಾಡಿಸಿಕೊಟ್ಟಳು. ವಿಚಿತ್ರವೆಂದರೆ, ಆಕೆಯ ಈ ಒಳ್ಳೆಯತನವೇ ಗಂಡನಿಗೆ ಮುಳುವಾಯಿತು. ಇಂತಹ ಹೆಂಡತಿಯನ್ನು ಕಡೆಗಣಿಸಿದವನೆಂದು ರೋಮಿನ ಜನರು ಆಂಟನಿಯನ್ನು ಹಳಿಯತೊಡಗಿದರು. ಆಕೆ ಆರಿಸಬೇಕೆಂದಿದ್ದ ಬೆಂಕಿಗೆ ಆಕೆಯ ಸಹನೆಯೇ ಗಾಳಿ ಬೀಸಿದಂತಾಯಿತು.

ಕ್ರಿ.ಪೂ. 32ರಲ್ಲಿ ಆಂಟನಿಯು ವಿವಾಹವನ್ನು ಮುರಿದುಕೊಂಡನು; ರೋಮಿಗೆ ಆಳುಗಳನ್ನು ಕಳುಹಿಸಿ ಆಕೆಯನ್ನು ಮನೆಯಿಂದ ಹೊರಡಿಸಿದನು. ತಂದೆಯ ಬಳಿಯಲ್ಲಿದ್ದ ಫುಲ್ವಿಯಾಳ ಹಿರಿಯ ಮಗನೊಬ್ಬನನ್ನುಳಿದು ಮಿಕ್ಕ ಮಕ್ಕಳೆಲ್ಲರನ್ನೂ ಕರೆದುಕೊಂಡು ಆಕೆ ಹೊಸ್ತಿಲು ದಾಟಿದಳು. ಬರಲಿರುವ ಯುದ್ಧಕ್ಕೆ ತಾನೂ ಒಂದು ಕಾರಣವೆಂದು ಜನ ಎಣಿಸುವರಲ್ಲಾ ಎಂದು ಆಕೆ ಕಣ್ಣೀರಿಟ್ಟಳಂತೆ. ಅದೇ ವರ್ಷ ರೋಮ್ ಯುದ್ಧ ಸಾರಿತು. ಕ್ರಿ.ಪೂ. 31ರ ಸೆಪ್ಟೆಂಬರ್ 2ರಂದು ಗ್ರೀಸಿನ ಪಶ್ಚಿಮ ತೀರದ ಆಕ್ಟಿಯಂ ಬಳಿ ನಡೆದ ನೌಕಾಯುದ್ಧದಲ್ಲಿ ಆಂಟನಿಯೂ ಕ್ಲಿಯೋಪಾತ್ರಳೂ ಸೋತರು. ಮರುವರ್ಷ ಅಲೆಕ್ಸಾಂಡ್ರಿಯ ನಗರದಲ್ಲಿ ಇಬ್ಬರೂ ಆತ್ಮಹತ್ಯೆ ಮಾಡಿಕೊಂಡರು. ಅಲ್ಲಿದ್ದ ಫುಲ್ವಿಯಾಳ ಹಿರಿಯ ಮಗನನ್ನು ಆಕ್ಟೇವಿಯನ್ ಕೊಲ್ಲಿಸಿದನು.

ಕವಿಗಳಿಗೂ ನಾಟಕಕಾರರಿಗೂ ಕಥೆ ಇಲ್ಲಿಗೆ ಮುಗಿಯುತ್ತದೆ. ಆಕ್ಟೇವಿಯಾಳ ಬಾಳಿನ ಅತ್ಯಂತ ಹಿರಿದಾದ ಅಧ್ಯಾಯ ಆರಂಭವಾಗುವುದು ಇಲ್ಲಿಯೇ. ಕ್ರಿ.ಪೂ. 29ರಲ್ಲಿ ಆಕ್ಟೇವಿಯನ್ನನ ವಿಜಯದ ಮೆರವಣಿಗೆ ರೋಮಿನಲ್ಲಿ ನಡೆದಾಗ ಕ್ಲಿಯೋಪಾತ್ರಳ ಮಕ್ಕಳನ್ನು ಜನರ ಕಣ್ಣೆದುರು ಸೆರೆಯಾಳುಗಳಂತೆ ನಡೆಸಿದರು. ತಾಯ್ತಂದೆಗಳನ್ನೂ ರಾಜ್ಯವನ್ನೂ ಕಳೆದುಕೊಂಡ ಆ ಎಳೆಯರನ್ನು ಆಕ್ಟೇವಿಯಾ ತನ್ನ ಮನೆಗೆ ಸೇರಿಸಿಕೊಂಡಳು. ತನ್ನ ಸಂಸಾರವನ್ನು ಮುರಿದವಳ ಮಕ್ಕಳು ಅವರು. ತನ್ನ ಮೊದಲ ಪತಿಯ ಮೂವರು, ಆಂಟನಿಯಿಂದ ಪಡೆದ ಇಬ್ಬರು, ಫುಲ್ವಿಯಾಳ ಒಬ್ಬ ಮಗ, ಕ್ಲಿಯೋಪಾತ್ರಳ ಮೂವರು, ಹೀಗೆ ಒಂಬತ್ತು ಮಕ್ಕಳ ಪಾಲನೆ ಆಕೆಯದಾಯಿತು. ಇದನ್ನು ಯಾವ ಸಂಧಿಯ ಕರಾರೂ ಆಕೆಯಿಂದ ಕೇಳಿರಲಿಲ್ಲ.

ಕ್ಲಿಯೋಪಾತ್ರಳ ಮಗಳು ಸೆಲೀನಿ ಬೆಳೆದು ದೊಡ್ಡವಳಾಗಿ ಉತ್ತರ ಆಫ್ರಿಕದ ಮಾರಿಟೇನಿಯದ ಅರಸನಾದ ಎರಡನೆಯ ಜೂಬನನ್ನು ವಿವಾಹವಾದಳು. ರಾಣಿಯಾಗಿ ತನ್ನ ತಾಯಿಯ ಹೆಸರನ್ನು ನಾಣ್ಯಗಳ ಮೇಲೆ ಮತ್ತೆ ಮೂಡಿಸಿದಳು. ಫುಲ್ವಿಯಾಳ ಕಿರಿಯ ಮಗನಿಗೆ ಆಕ್ಟೇವಿಯಾ ತನ್ನ ಮಗಳನ್ನೇ ಕೊಟ್ಟು ಮದುವೆ ಮಾಡಿದಳು. ಮುಂದೆ ಆತನು ರೋಮಿನ ಅತ್ಯುನ್ನತ ಪದವಿಗಳಲ್ಲಿ ಒಂದಾದ ಕಾನ್ಸಲ್ ಹುದ್ದೆಗೆ ಏರಿದನು.

ಕ್ರಿ.ಪೂ. 27ರಲ್ಲಿ ಆಕ್ಟೇವಿಯನ್ ‘ಅಗಸ್ಟಸ್’ ಎಂಬ ಬಿರುದನ್ನು ಪಡೆದು ರೋಮಿನ ಮೊದಲ ಚಕ್ರವರ್ತಿಯೆನಿಸಿದನು. ಈತನ ಬೆಳ್ಳಿಯ ನಾಣ್ಯ ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿಯೂ ದೊರೆತಿದೆ. ಅಷ್ಟು ದೂರ ವ್ಯಾಪಿಸಿದ್ದ ವೈಭವವು ಅಕ್ಕನ ದುಃಖವನ್ನು ತಡೆಯಲಾರದಾಯಿತು. ಚಕ್ರವರ್ತಿಯ ಅಳಿಯನಾಗಿ, ಉತ್ತರಾಧಿಕಾರಿಯೆಂದು ಎಲ್ಲರೂ ಭಾವಿಸಿದ್ದ ಆಕೆಯ ಒಬ್ಬನೇ ಮಗ ಮಾರ್ಸೆಲಸನು ಕ್ರಿ.ಪೂ. 23ರಲ್ಲಿ ಎಳೆಯ ವಯಸ್ಸಿನಲ್ಲಿಯೇ ಮರಣಹೊಂದಿದನು. ಮಗನ ನೆನಪಿಗಾಗಿ ಆಕೆ ಒಂದು ಗ್ರಂಥಾಲಯವನ್ನು ಸ್ಥಾಪಿಸಿದಳು. ಆಂಟನಿಯಿಂದ ಬೇರೆಯಾದ ಮೇಲೆ ಆಕೆ ಮತ್ತೆ ಮದುವೆಯಾಗಲಿಲ್ಲ. ಕ್ರಿ.ಪೂ. 11ರಲ್ಲಿ ಆಕೆ ಕಾಲವಾದಾಗ ಸ್ವತಃ ಅಗಸ್ಟಸನೇ ಚರಮಭಾಷಣ ಮಾಡಿದನು. ಆಕೆಯ ಹೆಸರಿನಲ್ಲಿ ಕಟ್ಟಿದ ಕಂಬಸಾಲಿನ ಮಂಟಪದ ಅವಶೇಷಗಳು ಇಂದಿಗೂ ರೋಮಿನಲ್ಲಿವೆ.

ಇತಿಹಾಸಕ್ಕೆ ತನ್ನದೇ ಆದ ವಿನೋದವುಂಟು. ಯುದ್ಧದಲ್ಲಿ ಗೆದ್ದವನು ಆಕ್ಟೇವಿಯನ್, ಸೋತವನು ಆಂಟನಿ. ಆದರೆ ಮುಂದೆ ರೋಮಿನ ಸಿಂಹಾಸನವನ್ನೇರಿದ ಕ್ಲಾಡಿಯಸನು ಆಂಟನಿ ಮತ್ತು ಆಕ್ಟೇವಿಯಾರ ಮಗಳ ಮಗ. ಕ್ಯಾಲಿಗುಲ ಮತ್ತು ನೀರೋ ಅವರ ಮರಿಮಕ್ಕಳು. ಕತ್ತಿಯಿಂದ ಆಂಟನಿಗೆ ದಕ್ಕದೆ ಹೋದ ಸಾಮ್ರಾಜ್ಯ, ಅವನು ಹೊರದೂಡಿದ ಹೆಂಡತಿಯ ಮೂಲಕ ಅವನ ವಂಶಕ್ಕೆ ದಕ್ಕಿತು.

ಆಕ್ಟೇವಿಯಾಳನ್ನು ಹೊಗಳಿ ಬರೆದವರೆಲ್ಲರ ಉದ್ದೇಶವೂ ಶುದ್ಧವಾಗಿತ್ತೆಂದು ಹೇಳಲಾಗದು. ಗೆದ್ದವನ ಅಕ್ಕ ಆಕೆ. ಆಕೆಯನ್ನು ಸದ್ಗುಣದ ಮೂರ್ತಿಯಾಗಿ ಚಿತ್ರಿಸಿದಷ್ಟೂ ಆಂಟನಿಯ ತಪ್ಪು ಎದ್ದುಕಾಣುತ್ತಿತ್ತು. ಕ್ಲಿಯೋಪಾತ್ರಳ ಚಿತ್ರ ಕಪ್ಪಾಗುತ್ತಿತ್ತು. ಕಥೆಗಾರರಿಗಾದರೋ ಪ್ರಣಯ ಬೇಕು, ವೈಭವ ಬೇಕು. ಷೇಕ್ಸ್‌ಪಿಯರನ ‘ಆಂಟನಿ ಅಂಡ್ ಕ್ಲಿಯೋಪಾತ್ರ’ ನಾಟಕದಲ್ಲಿ ಆಕ್ಟೇವಿಯಾ ಕೆಲವೇ ದೃಶ್ಯಗಳಲ್ಲಿ ಬಂದು ಮರೆಯಾಗುತ್ತಾಳೆ. ಹೊಗಳಿಕೆಯನ್ನು ಜರಡಿ ಹಿಡಿದು ನೋಡಿದರೂ ಕೆಲವು ಸಂಗತಿಗಳು ಗಟ್ಟಿಯಾಗಿ ಉಳಿಯುತ್ತವೆ. ಕ್ರಿ.ಪೂ. 40ರಿಂದ 32ರವರೆಗೆ, ಸುಮಾರು ಎಂಟು ವರ್ಷಗಳ ಕಾಲ, ಆ ಇಬ್ಬರು ಪ್ರಬಲರ ನಡುವೆ ಯುದ್ಧ ನಡೆಯಲಿಲ್ಲ. ಟರೆಂಟಮಿನಲ್ಲಿ ಸೈನಿಕರು ಜೀವಂತವಾಗಿ ಹಿಂದಿರುಗಿದರು. ಅನಾಥರಾದ ಶತ್ರುವಿನ ಮಕ್ಕಳಿಗೆ ಒಂದು ಮನೆ ದೊರೆಯಿತು.

ಮದುವೆಯಿಂದ ಮನೆತನಗಳು ಬೆಸೆಯಬಹುದು. ಆದರೆ ಇಬ್ಬರು ಅಧಿಕಾರಾಕಾಂಕ್ಷಿಗಳ ಮನಸ್ಸನ್ನು ಒಬ್ಬ ಹೆಣ್ಣಿನ ಬಾಳನ್ನು ಒತ್ತೆಯಿಟ್ಟು ಬೆಸೆಯಲು ಸಾಧ್ಯವಿಲ್ಲ. ಶಾಂತಿಯನ್ನು ಬಯಸುವವರು ತಾವೇ ತಮ್ಮ ಮಾತನ್ನು ಉಳಿಸಿಕೊಳ್ಳಬೇಕು. ಅದರ ಹೊಣೆಯನ್ನು ಧ್ವನಿಯಿಲ್ಲದವರ ಹೆಗಲಿಗೆ ದಾಟಿಸಬಾರದು. ತನ್ನನ್ನು ಕೇಳದೆ ಹೊರಿಸಿದ ಹೊರೆಯನ್ನು ಆಕ್ಟೇವಿಯಾ ಕೊನೆಯವರೆಗೂ ಹೊತ್ತಳು. ಆಕೆಯ ಹಿರಿಮೆಗೆ ತಲೆಬಾಗುವವರು ಆ ಹೊರೆಯನ್ನು ಹೊರಿಸಿದವರನ್ನೂ ಮರೆಯಲಾಗದು.

ಅಭ್ಯಾಸ

1. ಬ್ರಂಡಿಸಿಯಮಿನಲ್ಲಿ ಸೈನಿಕರು ಯುದ್ಧ ಮಾಡಲು ಏಕೆ ಹಿಂಜರಿದರು?
2. ಆಕ್ಟೇವಿಯಾಳ ವಿವಾಹಕ್ಕಾಗಿ ಸೆನೆಟ್ ಸಭೆಯು ಯಾವ ನಿಯಮವನ್ನು ಸಡಿಲಿಸಿತು?
3. ‘ಅತ್ತ ದರಿ, ಇತ್ತ ಪುಲಿ’ ಎಂಬ ಗಾದೆಯು ಆಕ್ಟೇವಿಯಾಳ ಸ್ಥಿತಿಗೆ ಹೇಗೆ ಒಪ್ಪುತ್ತದೆ? ವಿವರಿಸಿ.
4. ಬ್ರಂಡಿಸಿಯಂ ಸಂಧಿಯಲ್ಲಿಯೂ ಟರೆಂಟಂ ಸಂಧಿಯಲ್ಲಿಯೂ ಆಕ್ಟೇವಿಯಾ ವಹಿಸಿದ ಪಾತ್ರಗಳಿಗಿರುವ ವ್ಯತ್ಯಾಸವೇನು?
5. ಸಂದರ್ಭದೊಡನೆ ವಿವರಿಸಿ: “ಆಕೆ ಆರಿಸಬೇಕೆಂದಿದ್ದ ಬೆಂಕಿಗೆ ಆಕೆಯ ಸಹನೆಯೇ ಗಾಳಿ ಬೀಸಿದಂತಾಯಿತು.”
6. ಗೆದ್ದವರ ಕಡೆಯವರು ಬರೆದ ಇತಿಹಾಸವನ್ನು ಓದುವಾಗ ಯಾವ ಎಚ್ಚರಿಕೆ ಅಗತ್ಯ? ಪಾಠದ ಆಧಾರದಿಂದ ಒಂದು ಪುಟದಷ್ಟು ಬರೆಯಿರಿ.